ನೀರಿಗೆ ದಾರಿ ಬಿಡಿಸಿದ ಮೇಸ್ತ್ರಮ್ಮ

ಬೆಳಕು ಈಗಷ್ಟೇ ಹರಿಯುತ್ತಿದೆ. ಹಾಲು ತರಲು ಹೊರಟ ಒಬ್ಬಿಬ್ಬರನ್ನು ಬಿಟ್ಟರೆ ಬೀದಿ ಖಾಲಿ. ರಸ್ತೆಯಂಚಿನಲ್ಲಿ ಗೋಣಿಚೀಲ ಹಾಸಿಕೊಂಡು ಒಬ್ಬ ಹೆಂಗಸು ಬೋರಲು ಮಲಗಿದ್ದಾರೆ. ತಲೆ ಚರಂಡಿಯ ಬಾಯಿಯೊಳಗಿದೆ. ನಾಲ್ಕಾರು ಮನೆ ಆಚೆ, ಇನ್ನೊಂದು ಬಾಯಿಯ ಬಳಿ, ಅವರ ತಂಡದವನೊಬ್ಬ ಟಾರ್ಚ್ ಹಿಡಿದು ಕೂತಿದ್ದಾನೆ.

“ಬೆಳಕು ಬಿಟ್ಟಿದ್ಯೇನೋ?”

“ಬಿಟ್ಟಿದೀನಿ ಮೇಸ್ತ್ರಮ್ಮ!”

“ನಂಗೇನೂ ಕಾಣ್ತಿಲ್ಲ. ಇನ್ನೊಂದ್ಸಲ ಎಳೀರಿ.”

ತಂಡದ ಇನ್ನಿಬ್ಬರು ಉದ್ದನೆಯ ಕೊಕ್ಕೆಯನ್ನು ಒಳಗೆ ತೂರಿಸುತ್ತಾರೆ. ಕಪ್ಪು ಹೂಳಿನ ಜೊತೆ ಒಂಟಿ ಚಪ್ಪಲಿ, ಹರಿದ ಛತ್ರಿಯ ಬಟ್ಟೆ, ಯಾವುದೋ ಮಗುವಿನ ಪ್ಲಾಸ್ಟಿಕ್ ಬಸ್ಸು ಹೊರಬರುತ್ತವೆ. ಮೇಸ್ತ್ರಮ್ಮ ಮತ್ತೆ ಮಲಗಿ ನೋಡುತ್ತಾರೆ. ಈ ಸಲ ಕತ್ತಲಲ್ಲಿ ಒಂದು ಬೆಳಕಿನ ಚುಕ್ಕಿ. “ಬಂತು!” ಎಂದು ಅವರು ಕೂಗುವ ರಭಸಕ್ಕೆ ಮಹಡಿಯ ಕಿಟಕಿಯೊಂದು ತೆರೆಯುತ್ತದೆ. ನಿದ್ದೆಗೆಟ್ಟ ಮುಖವೊಂದು ಇಣುಕಿ, ಬೈಯದೆ ಒಳಗೆ ಹೋಗುತ್ತದೆ. ಈಗ ಯಾರೂ ಬೈಯುವುದಿಲ್ಲ. ಹೋದ ವರ್ಷ ಬೈದವರಿಗೆ ಲೆಕ್ಕವಿರಲಿಲ್ಲ.

ವಾರ್ಡ್ ಕಚೇರಿಯ ಚರಂಡಿ ತಂಡಕ್ಕೆ ಇವರು ಮುಖ್ಯಸ್ಥೆ. ಅಪ್ಪ ಅಮ್ಮ ಇಟ್ಟ ಹೆಸರು ಕಚೇರಿಯ ಹಾಜರಿಯಲ್ಲಿದೆ, ಬೀದಿಯಲ್ಲಿ ಮಾತ್ರ ಎಲ್ಲರಿಗೂ ಮೇಸ್ತ್ರಮ್ಮ. ಮೊದಲು ಕಟ್ಟಡಗಳಲ್ಲಿ ಮಣ್ಣು ಹೊರುತ್ತಿದ್ದರು. ಆಮೇಲೆ ಈ ತಂಡಕ್ಕೆ ಕೂಲಿಯಾಗಿ ಬಂದರು. ಹಳೆಯ ಮೇಸ್ತ್ರಿ ಕೆಲಸ ಬಿಡುವಾಗ ತಮ್ಮ ಜಾಗಕ್ಕೆ ಇವರನ್ನೇ ತೋರಿಸಿದರಂತೆ. “ನಾನೇನೋ ಭಾರೀ ಕೆಲಸಗಾತಿ ಅಂದ್ಕೊಂಡು ಹಿಗ್ಗಿದ್ದೆ. ಆಮೇಲೆ ಗೊತ್ತಾಯ್ತು, ನಾನು ಇಲ್ಲಿ ಕೂಗಿದ್ರೆ ಬೀದಿ ಕೊನೇವರೆಗೂ ಕೇಳ್ಸತ್ತೆ, ಅದಕ್ಕೇ ಅಂತೆ!” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ದಿನಕ್ಕೆ ಎರಡು ಟ್ರ್ಯಾಕ್ಟರ್ ಹೂಳು ತೆಗೆಯುವುದು ಈ ತಂಡದ ವಾಡಿಕೆ. ಮಳೆಗಾಲದ ಹೊಸ್ತಿಲಲ್ಲಿ ಅದು ನಾಲ್ಕೂ ಆಗುತ್ತದೆ. ಕೈಗವಸು, ಮೊಣಕಾಲಿನವರೆಗಿನ ಬೂಟು ಈಗ ಕಚೇರಿಯಿಂದಲೇ ಬರುತ್ತವೆ. ಅವು ಬರುವ ಮೊದಲು ಗಾಜಿನ ಚೂರು ಸೀಳಿದ ಗುರುತು ಅವರ ಎಡ ಅಂಗೈಯಲ್ಲಿ ಈಗಲೂ ಇದೆ. “ಗಾಯ ಮಾಯತ್ತೆ. ಮೂಗು ಮುಚ್ಕೊಂಡು ನಮ್ಮನ್ನ ಸುತ್ತುಹಾಕ್ಕೊಂಡು ಹೋಗ್ತಾರಲ್ಲ, ಅದು ಮಾತ್ರ ಚುಚ್ಚತ್ತೆ. ಈ ವಾಸನೆ ನಮ್ಮನೇದಾ? ಅವರ ಮನೇದೇ ಅಲ್ವಾ?”

ಅವರ ಕೆಲಸದ ಜಾಗದಲ್ಲಿ ಎರಡು ಬೀದಿಗಳಿವೆ. ಮೇಲಿನ ಬೀದಿ ದಿಣ್ಣೆಯ ಮೇಲಿದೆ, ಕೆಳಗಿನ ಬೀದಿ ತಗ್ಗಿನಲ್ಲಿದೆ. ಮಳೆ ಜೋರಾಗಿ ಬಂದರೆ ಮೇಲಿನ ನೀರು ಚರಂಡಿ ಬಿಟ್ಟು ರಸ್ತೆಯಲ್ಲೇ ಓಡಿ ಕೆಳಗಿನವರ ಮನೆಗೆ ನುಗ್ಗುತ್ತಿತ್ತು. ಕೆಳಬೀದಿಯ ಮೂಲೆಯಲ್ಲಿ ಒಬ್ಬ ಟೈಲರ್ ಇದ್ದಾರೆ. ಹಿಂದಿನ ಮಳೆಗಾಲದಲ್ಲಿ ಹೊಲಿಗೆ ಯಂತ್ರವನ್ನು ಮೇಜಿನ ಮೇಲೆ ಎತ್ತಿಟ್ಟು ಉಸಿರು ಬಿಡುವಷ್ಟರಲ್ಲಿ, ಗಿರಾಕಿಗಳ ಬಟ್ಟೆಯ ಗಂಟುಗಳು ಕೆಸರಲ್ಲಿ ತೇಲುತ್ತಿದ್ದವಂತೆ. “ಒಂದು ಮದುವೆ ಮನೆ ಬಟ್ಟೆಯಷ್ಟೂ ಹೋಯ್ತು. ಅವರ ಮುಖ ಹೇಗೆ ನೋಡ್ಲಿ ಹೇಳಿ,” ಎನ್ನುತ್ತಾರೆ ಟೈಲರ್. ಮಾರನೆಯ ದಿನ ಕೆಳಬೀದಿಗೆ ಬೀದಿಯೇ ವಾರ್ಡ್ ಕಚೇರಿಯ ಮುಂದೆ ಕೂತಿತು.

ಕಚೇರಿಯ ಎಂಜಿನಿಯರ್ ಬಂದು ಅಳೆದರು, ಇಳಿಜಾರು ನೋಡಿದರು. ಚರಂಡಿಯ ಅಗಲ ಸಾಕಷ್ಟಿತ್ತು, ತೊಡಕು ಬೇರೆ ಕಡೆ ಇತ್ತು. ಮೇಲಿನ ಬೀದಿಯ ಮನೆಯವರು ಗಾಡಿ ಹತ್ತಿಸಲೆಂದು, ಮೆಟ್ಟಿಲಿಗೆಂದು ಚರಂಡಿಯ ಮೇಲೆ ಕಾಂಕ್ರೀಟ್ ಹಾಕಿಕೊಂಡಿದ್ದರು. ಹೂಳು ತೆಗೆಯಲು ಕೈ ಹಾಕುವಷ್ಟೂ ಸಂದಿ ಇರಲಿಲ್ಲ. ಕಾಂಕ್ರೀಟ್ ಒಡೆದು, ಎತ್ತಿಡಬಹುದಾದ ಚಪ್ಪಡಿ ಹಾಕಿಸುತ್ತೇವೆ ಎಂದು ಕಚೇರಿಯಿಂದ ನೋಟಿಸು ಹೋಯಿತು. ಒಬ್ಬರೂ ಜಗ್ಗಲಿಲ್ಲ. ಎಂಜಿನಿಯರ್ ಎರಡೂ ಬೀದಿಯವರನ್ನು ಸಭೆಗೆ ಕರೆದರು.

“ತಗ್ಗಲ್ಲಿ ಮನೆ ಮಾಡ್ಕೊಂಡಿರೋದು ಅವರು. ನಮ್ಮ ಮನೆ ಮುಂದೆ ಯಾಕೆ ಒಡೀಬೇಕು?” ಎಂದು ಮೇಲಿನವರು ದನಿ ಏರಿಸಿದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ ಕೂಗಿದರು: “ಮೇಸ್ತ್ರಮ್ಮ, ಮೊದಲು ನಿಮ್ಮ ಅಕ್ಕನ ಮನೆ ಮೆಟ್ಟಿಲು ಒಡೀರಿ. ಆಮೇಲೆ ನಮ್ಮನೆ ಬಾಗಿಲಿಗೆ ಬನ್ನಿ.” ಸಭೆ ನಗೆಗಡಲಾಯಿತು. ಮೇಸ್ತ್ರಮ್ಮ ಮಾತ್ರ ಸಭೆ ಮುಗಿದ ಕೂಡಲೇ ಅಕ್ಕನ ಮನೆಗೆ ಹೊರಟರು.

ಅಕ್ಕನ ಮನೆ ಮೇಲಿನ ಬೀದಿಯ ನಡುಮಧ್ಯದಲ್ಲಿದೆ. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡ ಮೇಲೆ ತಂಗಿಗೆ ತಲೆ ಬಾಚಿದ್ದು, ತುತ್ತು ತಿನ್ನಿಸಿದ್ದು, ಮದುವೆ ಮಾಡಿಸಿದ್ದು ಎಲ್ಲವೂ ಆ ಅಕ್ಕನೇ. ಮನೆ ಮುಂದಿನ ಅಗಲವಾದ ಮೆಟ್ಟಿಲನ್ನು ಭಾವ ತಾವೇ ಸಿಮೆಂಟ್ ಕಲಸಿ ಕಟ್ಟಿದ್ದರು. ಭಾವ ಈಗಿಲ್ಲ. ಸಂಜೆಯಾದರೆ ಅಕ್ಕ ಅದರ ಮೇಲೇ ಕೂರುತ್ತಿದ್ದರು.

“ಹೇಗೆ ಹೇಳೋದು ಅಂತ ಗೊತ್ತಾಗ್ದೆ ಎರಡು ಲೋಟ ಟೀ ಕುಡಿದೆ,” ಎಂದು ಮೇಸ್ತ್ರಮ್ಮ ನೆನೆಯುತ್ತಾರೆ. “ಕೊನೆಗೆ ಬಾಯಿ ಬಿಟ್ಟೆ. ಅಕ್ಕ ಲೋಟ ಕಿತ್ಕೊಂಡು, ‘ನಿನ್ನ ಸಾಕಿದ್ದು ಇದಕ್ಕೇನೇ?’ ಅಂದ್ಲು. ಒಳಗೆ ಹೋಗಿ ಚಿಲಕ ಹಾಕ್ಕೊಂಡ್ಲು.”

ಎಂಜಿನಿಯರ್ ಬೇರೆ ದಾರಿ ತೋರಿಸಿದ್ದರು. ಆ ಒಂದು ಮನೆಯನ್ನು ಕೊನೆಗೆ ಇಟ್ಟುಕೊಳ್ಳೋಣ ಎಂದಿದ್ದರು. ಮೇಸ್ತ್ರಮ್ಮ ಒಪ್ಪಲಿಲ್ಲ. ಮರುದಿನ ತಂಡದವರನ್ನು ಹಿಂದೆ ನಿಲ್ಲಿಸಿ ಹಾರೆಯನ್ನು ತಾವೇ ತೆಗೆದುಕೊಂಡರು. “ಭಾವ ಕಟ್ಟಿದ್ದು. ಬೇರೆಯವರ ಕೈಲಿ ಒಡೆಸೋಕೆ ಮನಸ್ಸು ಬರ್ಲಿಲ್ಲ. ಮೊದಲ ಏಟು ಹಾಕಿದಾಗ ಒಳಗಿಂದ ಅಕ್ಕ ಅತ್ತಿದ್ದು ಕೇಳ್ತು. ನಾನೂ ಅತ್ತೆ. ಆದ್ರೆ ಕೈ ನಿಲ್ಲಿಸ್ಲಿಲ್ಲ.”

ಮೆಟ್ಟಿಲಿನ ಅಡಿ ನೋಡಲು ಬೀದಿಯ ಜನ ಸುತ್ತ ನೆರೆದರು. ಚರಂಡಿಯ ತುಂಬ ಹೂಳು ಇಟ್ಟಿಗೆಯ ಹಾಗೆ ಗಟ್ಟಿಯಾಗಿ ಕೂತಿತ್ತು. ಸಂಜೆಯೊಳಗೆ ಪಕ್ಕದ ಮನೆಯವರು ಕಾರನ್ನು ಆಚೆ ನಿಲ್ಲಿಸಿ, “ನಮ್ಮದೂ ಮುಗಿಸಿಬಿಡಿ” ಎಂದರು. ಆಮೇಲೆ ಕೆಲವರು ಗೊಣಗುತ್ತಲೇ, ಕೆಲವರು ಟೀ ಕೊಟ್ಟು ಮಾತಾಡಿಸುತ್ತಲೇ ಜಾಗ ಬಿಟ್ಟರು. ಎಂಜಿನಿಯರ್ ಕಚೇರಿಯಲ್ಲಿ ಪಟ್ಟು ಹಿಡಿದು, ಕಬ್ಬಿಣದ ಬಳೆಯಿರುವ ಸಣ್ಣ ಚಪ್ಪಡಿಗಳನ್ನು ಮಂಜೂರು ಮಾಡಿಸಿದರು. ಗಾಡಿ ಹತ್ತಿದರೆ ತಡೆದುಕೊಳ್ಳುತ್ತವೆ, ಇಬ್ಬರು ಹಿಡಿದರೆ ಏಳುತ್ತವೆ.

ಬೇಸಿಗೆಯಿಡೀ ಅಕ್ಕ ಮಾತಾಡಲಿಲ್ಲ. ಮೇಸ್ತ್ರಮ್ಮ ಎದುರು ಬಂದರೆ ಮುಖ ತಿರುಗಿಸುತ್ತಿದ್ದರು.

ಮೊದಲ ದೊಡ್ಡ ಮಳೆ ಒಂದು ಮಧ್ಯಾಹ್ನ ಬಂತು. ಮೇಸ್ತ್ರಮ್ಮ ಟೈಲರ್ ಅಂಗಡಿಯ ಮುಂದೆಯೇ ನಿಂತಿದ್ದರು. ನೀರು ಚರಂಡಿಯ ಅಂಚಿನವರೆಗೂ ಏರಿತು, ಸುಳಿ ಹಾಕಿತು, ಸದ್ದು ಮಾಡುತ್ತ ದೊಡ್ಡ ಕಾಲುವೆಯ ಕಡೆಗೆ ಓಡಿತು. ಟೈಲರ್ ಯಂತ್ರವನ್ನು ಎತ್ತಿಡಲಿಲ್ಲ, ಹೊಲಿಯುತ್ತಲೇ ಇದ್ದರು. ಆಗ ಮೇಸ್ತ್ರಮ್ಮನ ಫೋನ್ ಹೊಡೆದುಕೊಂಡಿತು.

“ಅಕ್ಕನ ಫೋನು! ಇಷ್ಟು ತಿಂಗಳಾದ್ಮೇಲೆ! ಹಲೋನೂ ಇಲ್ಲ ಏನೂ ಇಲ್ಲ. ‘ಯಾರದೋ ದಿಂಬು ಬಂದು ನಮ್ಮನೆ ಮುಂದೆ ಚರಂಡೀಲಿ ಸಿಕ್ಕೊಂಡಿದೆ. ಜನ ಕಳಿಸ್ತೀಯೋ, ನಾನೇ ಇಳೀಲೋ?’ ಅಂತ ಗದರಿದ್ಲು. ನನಗೆ ನಗು ಬಂತೋ ಅಳು ಬಂತೋ, ಮಳೇಲಿ ಯಾರಿಗೆ ಗೊತ್ತಾಗತ್ತೆ.”

ಓಡಿ ಹೋಗಿ ನೋಡಿದರೆ ಅಕ್ಕ ಕಾದಿರಲಿಲ್ಲ. ಪಕ್ಕದ ಮನೆಯಾಕೆಯನ್ನು ಕರೆದು ಇಬ್ಬರೂ ಚಪ್ಪಡಿ ಎತ್ತಿದ್ದರು. ನೆಲ ಒರೆಸುವ ಕೋಲಿನಿಂದ ದಿಂಬನ್ನು ಮೇಲಕ್ಕೆಳೆದು ಹಾಕಿದ್ದರು. ತಂಗಿಯನ್ನು ಕಂಡು, “ಚಪ್ಪಡಿ ಇಷ್ಟು ಹಗುರ ಇರತ್ತೆ ಅಂತ ಮೊದಲೇ ಹೇಳೋಕೇನಾಗಿತ್ತು ನಿಂಗೆ?” ಎಂದು ಬೈದು, ಒಣಗಿದ ಟವೆಲ್ ತಂದುಕೊಟ್ಟರು.

ನಾನು ಹೋದಾಗ ಅಕ್ಕ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. “ಕೋಪ ಪೂರ್ತಿ ಹೋಗಿಲ್ಲ ಕಣ್ರೀ. ಕುರ್ಚಿ ಕುರ್ಚಿನೇ, ಅವರು ಕಟ್ಟಿದ ಮೆಟ್ಟಿಲಾಗಲ್ಲ,” ಎನ್ನುತ್ತಾರೆ. “ಆದ್ರೆ ಬೇರೆಯವರ ಮನೇದು ಒಡೆದು ನಂದು ಬಿಟ್ಟಿದ್ರೆ, ಈ ಬೀದೀಲಿ ನಾನು ತಲೆಯೆತ್ತಿ ಓಡಾಡೋಕಾಗ್ತಿತ್ತಾ?” ಎಂದು ಸೇರಿಸುತ್ತಾರೆ. ಈ ಮಾತನ್ನು ತಂಗಿಗೆ ಹೇಳಿದ್ದೀರಾ ಎಂದರೆ, “ಹೇಳಿದ್ರೆ ತಲೆ ಮೇಲೆ ಕೂರ್ತಾಳೆ” ಎಂದು ನಗುತ್ತಾರೆ.

ಈಗ ಪಕ್ಕದ ವಾರ್ಡಿನವರೂ ಮೇಸ್ತ್ರಮ್ಮನನ್ನು ತಮ್ಮ ಸಭೆಗೆ ಕರೆಯುತ್ತಿದ್ದಾರೆ. ಆಸೆ ಏನಾದರೂ ಇದೆಯೇ ಎಂದು ಕೇಳುತ್ತೇನೆ. ಅವರು ಬೂಟಿನ ಕೆಸರನ್ನು ಕಲ್ಲಿಗೆ ತಿಕ್ಕುತ್ತ ಆಕಾಶ ನೋಡುತ್ತಾರೆ. ಪಶ್ಚಿಮದಲ್ಲಿ ಮೋಡ ದಟ್ಟವಾಗಿ ಕಟ್ಟಿದೆ.

“ಮುಂಚೆ ಇಂಥ ಮೋಡ ಕಂಡ್ರೆ ರಾತ್ರಿಯೆಲ್ಲ ನಿದ್ದೆ ಬರ್ತಿರ್ಲಿಲ್ಲ. ಯಾರ ಮನೆ ಮುಳುಗತ್ತೋ, ಯಾರ ಹತ್ರ ಬೈಸ್ಕೋಬೇಕೋ ಅಂತ,” ಎಂದು ಹಾರೆಯನ್ನು ಹೆಗಲಿಗೇರಿಸುತ್ತಾರೆ. “ಈಗ ಹಂಗೇನಿಲ್ಲ. ಬರ್ಲಿ ಬಿಡಿ.”