ನೀರು ಮುಟ್ಟಿಸದ ಕುಂಚಿಗೆ

ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಕುಂಚಿಗೆ ತಂದವಳು ನಾನೇ. ನಿಪ್ಪಾಣಿಯ ಅಂಗಡಿಯಲ್ಲಿ ಅರ್ಧ ತಾಸು ಕೂತು, ರಾಶಿ ತೆಗೆಸಿ, ಕಡುಗೆಂಪಿನದನ್ನು ಆರಿಸಿದೆ. ತಲೆಗೆ ಟೊಪ್ಪಿಗೆಯಂತೆ ಕೂತು ಬೆನ್ನಿಗೆ ಇಳಿಬೀಳುವ ಬಟ್ಟೆ, ಅಂಚಿಗೆ ಜರಿ, ಕೊರಳಿಗೆ ಲಾಡಿ. ಸೋ ಪ್ರೆಟಿ!

"ಬಣ್ಣ ಪಕ್ಕಾ ಐತೇನ್ರಿ?" ಅಂದೆ.

"ಗ್ಯಾರಂಟಿ ರೀ ಬಾಯಾರ. ನಿಮ್ಮ ಮೊಮ್ಮಗಳ ಮಗಳಿಗೂ ಇದನ್ನ ಹಾಕ್ರಿ" ಎಂದು ಅಂಗಡಿಯವ ನಕ್ಕ.

ಸದಲಗಾದ ಮನೆಗೆ ಬಂದವಳೇ ಅದನ್ನು ಬಕೆಟ್ಟಿಗೆ ಹಾಕಲು ಹೋದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್, ಹೊಸ ಬಟ್ಟೆಯನ್ನು ನೆನೆಸಿ ಒಣಗಿಸದೆ ಸೂಜಿ ಮುಟ್ಟಗೊಡುತ್ತಿರಲಿಲ್ಲ. "ಫಸ್ಟ್ ವಾಶ್, ಗರ್ಲ್ಸ್!" ಅವರ ಬೆಂಚಿನ ಮೇಲೆ ಇನ್ನೊಂದು ಮಧ್ಯಾಹ್ನ ಕೂರುವಂತಿದ್ದರೆ ಅಂತ ಈಗಲೂ ಅನಿಸುತ್ತದೆ.

ನಾದಿನಿ ನನ್ನ ಕೈ ಹಿಡಿದಳು. "ಅಯ್ಯ ವೈನಿ, ನೀರ ಮುಟ್ಟಿಸಿದ್ರ ಅದು ಹೊಸಾದು ಹೆಂಗ ಆಗತೈತಿ? ಹಳೇ ಅರಿವ್ಯಾಗ ಕೂಸಿಗೆ ಹೆಸರ ಇಡತಿಯೇನ? ನಿನ್ನ ಇಂಗ್ಲಿಷ್ ಸಾಲಿ ಶಾಣ್ಯಾತನ ಇಲ್ಲಿ ಬ್ಯಾಡ."

ನಮ್ಮ ಕಡೆ ಹೊಸ ಬಟ್ಟೆಯೆಂದರೆ ನೀರು ಕಾಣದ ಬಟ್ಟೆ. ಎಲ್ಲರೂ ನಕ್ಕರು. ನಾನೂ ನಕ್ಕೆ! ಕುಂಚಿಗೆಯ ತುದಿಗೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟುಬಿಟ್ಟೆ.

ಕಾರ್ಯದ ದಿನ ವಿಪರೀತ ಸೆಕೆ. ಮೂರು ತಿಂಗಳ ಕೂಸು ಬೆವರಿ, ಬಾಯಿಗೆ ಸಿಕ್ಕ ಲಾಡಿಯನ್ನು ಚೀಪಿತು. ತುಟಿ ಕೆಂಪಗಾದದ್ದು ನೋಡಿ "ಎಲಿ ಅಡಿಕಿ ತಿಂದೈತಿ ನೋಡ್ರಿ!" ಎಂದು ಮತ್ತೆ ನಗೆ. ಮರುದಿನ ಕೊರಳ ಸುತ್ತ, ಕಿವಿಯ ಹಿಂದೆ ಗುಳ್ಳೆ ಎದ್ದವು. ಮೂರನೆಯ ದಿನ ಅಲ್ಲೆಲ್ಲ ನೀರು ಒಸರಿತು. ಕೂಸಿಗೆ ನಿದ್ದೆಯಿಲ್ಲ, ಸೊಸೆಗೂ ಇಲ್ಲ.

ಚಿಕ್ಕೋಡಿಯ ಡಾಕ್ಟರು ಕುಂಚಿಗೆಯನ್ನು ತಿರುಗಿಸಿ ನೋಡಿದರು. "ಬೆವರಿಗೆ ಬಣ್ಣ ಬಿಟ್ಟೈತ್ರಿ ಅಮ್ಮಾ, ಅದರದ ಅಲರ್ಜಿ ಇರಬೇಕು. ಯಾವ ಕೆಮಿಕಲ್ ಅಂತ ಹೆಂಗ ಹೇಳ್ಲಿ? ಇದರ ಮ್ಯಾಲ ಏನೂ ಬರದ ಇಲ್ಲಲ್ಲ."

ಚಿಕ್ಕ ಬಿಸ್ಕತ್ತಿನ ಪೊಟ್ಟಣದ ಮೇಲೂ ಒಳಗೇನಿದೆ ಎಂದು ಅಚ್ಚು ಹಾಕುತ್ತಾರೆ. ಎಳೆ ಕೂಸಿನ ಮೈಗೆ ಅಂಟಿಕೊಳ್ಳುವ ಬಟ್ಟೆಯ ಮೇಲೆ ಒಂದಕ್ಷರವಿಲ್ಲ. ಹೌ ಡೇರ್ ದೇ!

ನೆಟ್ಟಗೆ ನಿಪ್ಪಾಣಿಗೆ ಹೋದೆ. ಅಂಗಡಿಯವನಿಂದಲೇ ಒಂದು ಗ್ಲಾಸು ನೀರು ಕೇಳಿ ಲಾಡಿಯನ್ನು ಅದ್ದಿದೆ. ನೀರು ಗುಲಾಬಿಯಾಯಿತು.

"ಮದಲ ಒಂದೆರಡ ಸಲ ಬಿಡತೈತ್ರಿ. ಆಮ್ಯಾಲ ಪಕ್ಕಾ."

"ಆ ಒಂದೆರಡ ಸಲ ಯಾರ ಮೈಮ್ಯಾಲ ಬಿಡಬೇಕೋ?"

ಅವನು ಕುಂಚಿಗೆಯನ್ನು ಬೆಳಕಿಗೆ ಹಿಡಿದ. "ಅರಿವಿಗೇನೂ ಆಗಿಲ್ಲಲ್ರಿ ಬಾಯಾರ. ಬೇಕಾದ್ರ ಹಸರ ಬಣ್ಣದ್ದ ಒಯ್ರಿ, ಬದಲಿ ಕೊಡ್ತೀನಿ."

ಅವನ ಅಂಗಿಯ ಕಾಲರು ಹಿಡಿಯುವಷ್ಟು ಸಿಟ್ಟು ಬಂತು. ಆದರೆ ಪಕ್ಕಾ ಐತೇನು ಎಂದು ಕೇಳಿದಾಗ ನನ್ನ ಮನಸ್ಸಿನಲ್ಲಿದ್ದದ್ದೂ ಬಟ್ಟೆಯೇ. ಕೆಂಪು ಮಾಸಬಾರದು, ಫೋಟೋದಲ್ಲಿ ಚೆಂದ ಬರಬೇಕು. ಕೂಸಿನ ಕೊರಳಿನ ನೆನಪೇ ಇರಲಿಲ್ಲ.

ಮನೆಗೆ ಬಂದಾಗ ಸೊಸೆ ಮುಲಾಮು ಹಚ್ಚುತ್ತಿದ್ದಳು. ಎತ್ತಿಕೊಳ್ಳಲು ಕೈ ಚಾಚಿದೆ. ಅವಳು ಕೂಸನ್ನು ತನ್ನೆಡೆಗೆ ಸರಿಸಿಕೊಂಡಳು.

"ಅತ್ತಿ, ಮೈಮ್ಯಾಲಿನ ಸೀರಿ ತೊಳದದ್ದೇನ್ರಿ?"

ನಾದಿನಿ ಉಡುಗೊರೆ ಕೊಟ್ಟಿದ್ದ ನೀಲಿ ಸೀರೆ. ಅವತ್ತು ಬೆಳಿಗ್ಗೆಯಷ್ಟೇ ಮಡಿಕೆ ಬಿಚ್ಚಿ ಉಟ್ಟಿದ್ದೆ.

"ಇಲ್ಲವ್ವಾ" ಎಂದು ಬಾಗಿಲಿಗೆ ಹಿಂದೆ ಸರಿದು ನಿಂತೆ.