ಫರಸಿ ಮ್ಯಾಲಿನ ಎಣ್ಣಿ ಕಲೆ

ನಮ್ಮ ಸೇಡಂ ಮನಿ ಅಂಗಳಕ್ಕ ಶಹಾಬಾದ ಫರಸಿ ಹಾಸ್ಯಾದ. ಪಾಲಿಶ್ ಇಲ್ಲದ ಆ ಕಲ್ಲು ಒಮ್ಮೆ ಎಣ್ಣಿ ಕುಡೀತಂದ್ರ ಎಷ್ಟು ತಿಕ್ಕಿದರೂ ಕಲೆ ಬಿಡೂದಿಲ್ಲ. ನನ್ನ ಹಳೆ ಕಾರು ನಿಲ್ಲೋ ಜಾಗದಾಗ ದಿನಾ ಮುಂಜಾನೆ ಎಂಜಿನ್ ಆಯಿಲಿನ ಹೊಸ ಹನಿ ಕಾಣತಿದ್ವು. ಅವ್ವನ ಸಿಟ್ಟೂ ದಿನಾ ಏರತಿತ್ತು.

ಹನಿ ಬೀಳತಿದ್ದದ್ದು ಎಂಜಿನ್ ಕೆಳಗಿನ ಆಯಿಲ್ ಬಿಡೋ ಬೋಲ್ಟಿನ ನೇರಕ್ಕ. ಅದಕ್ಕೇ ಮೂರು ಐತವಾರ ಕಾರಿನ ಕೆಳಗ ಮಲಗಿ ಬೋಲ್ಟ್ ಬಿಗಿ ಮಾಡಿದೆ, ವಾಷರ್ ಬದಲಿಸಿದೆ, ಕಡಿಮಿ ಬಿದ್ದ ಆಯಿಲ್ ಸುರುವಿದೆ. ಹನಿ ನಿಲ್ಲಲಿಲ್ಲ.

ನಾಲ್ಕನೇ ಐತವಾರ ಅವ್ವ ಕಸಬರಗಿ ಹಿಡಕೊಂಡೇ ಬಂದು ಕೇಳಿದಳು: “ಹಳೆ ಮನಿ ಮಾಳಿಗಿ ಸೋರಿದಾಗ ನಿಮ್ಮಪ್ಪ ನೆಲಾ ಅಗೀತಿದ್ದನೇನು? ಮ್ಯಾಲ ಹತ್ತಿ ನೋಡತಿದ್ದ.”

ಮಾತು ಚುಚ್ಚಿತು, ಖರೆ. ಆದರ ಮ್ಯಾಲ ಏನಿರಬಹುದು ಅನ್ನೋ ಕುತೂಹಲ ಅದಕ್ಕಿಂತ ಭಾಳ ಆತು. ಬಾನೆಟ್ ಎತ್ತಿ, ತಣ್ಣಗಿದ್ದ ಎಂಜಿನ್ ಅರಬಿಯಿಂದ ಒರೆಸಿ, ಅವ್ವನ ಪೌಡರ್ ಡಬ್ಬಿ ತಂದು ಅದರ ಮೈತುಂಬ ಉದುರಿಸಿದೆ. ಎಂಜಿನ್ ಚಾಲೂ ಮಾಡಿ ಕಾಯ್ಕೋತ ನಿಂತೆ. ಸ್ವಲ್ಪ ಹೊತ್ತಿಗೆ ಬೆಳ್ಳನೆ ಪೌಡರಿನ ಮ್ಯಾಲ ಒಂದು ಕರೀ ಗೆರಿ ಮೆಲ್ಲಗ ಇಳೀಲಿಕತ್ತಿತು. ಎಂಜಿನ್ ಬಂದ್ ಮಾಡಿ, ಗೆರಿ ಗುಂಟ ಕಣ್ಣು ಮ್ಯಾಲ ಮ್ಯಾಲ ಒಯ್ದೆ. ಅದು ಹೊಂಟಿದ್ದು ಎಂಜಿನ್ ನೆತ್ತಿ ಮ್ಯಾಲಿನ ಒಂದು ಮುಚ್ಚಳದ ಬುಡದಿಂದ. ಒಳಗಿನ ರಬ್ಬರ್ ರಿಂಗ್ ಒಣಗಿ ಸೀಳಿತ್ತು.

ಹೊಸ ರಿಂಗ್ ಹಾಕಿದೆ, ಹನಿ ನಿಂತ್ವು. ಅವ್ವಗ ಒಂದು ಮಾತು ಮಾತ್ರ ಹೇಳಲಿಲ್ಲ: ಸೋರಿದ ಆಯಿಲ್ ತುಂಬಸಲಿಕ್ಕ ಆ ಮೂರೂ ಐತವಾರ ನಾ ಕೈಯಾರೆ ಬಿಚ್ಚಿ, ಮತ್ತ ಮುಚ್ಚಿದ್ದು ಅದೇ ಮುಚ್ಚಳ.