ಅವ್ವನ ಮೂರು ದಿನ

ಅವ್ವ ಹೊರಗಾಗಿದ್ದಾಳೆ, ಅದಕ್ಕೆ ನಾವೇ ಮುದ್ದೆ ತಿರುವ್ತಿದ್ದೀವಿ ಅಂತ ತಮ್ಮ ಫೋನಲ್ಲಿ ಅಂದಾಗ ನನ್ನ ಕೈಯಲ್ಲಿದ್ದ ಕತ್ತರಿ ನಿಂತುಬಿಡ್ತು. ಅವ್ವಂಗೆ ಐವತ್ತು ದಾಟಿ ಎಷ್ಟೋ ಆಗೈತೆ. ಈ ವಯಸ್ಸಲ್ಲಿ ಮುಟ್ಟು ಎಂಥದ್ದು? ಪ್ರತಿ ತಿಂಗಳೂ ಹಿಂಗೇನಾ ಅಂತ ಕೇಳಿದೆ. ಹೂಂ, ಅದರಲ್ಲೇನು ಅಂದ. ಚಳ್ಳಕೆರೆಯ ನನ್ನ ಟೈಲರಿಂಗ್ ಅಂಗಡಿಗೆ ಬರ್ತಿದ್ದ ಒಬ್ಬಾಕೆಗೆ ಇದೇ ವಯಸ್ಸಲ್ಲಿ ಹಿಂಗೇ ರಕ್ತ ಹೋಗ್ತಿತ್ತು. ಗರ್ಭಕೋಶದ ಕ್ಯಾನ್ಸರ್ ಅಂತ ಗೊತ್ತಾಗೋ ಹೊತ್ತಿಗೆ ಕೈಮೀರಿತ್ತು. ಶಟರ್ ಎಳೆದು ತವರೂರು ದೇವಸಮುದ್ರದ ಬಸ್ಸು ಹತ್ತಿದೆ.

ನಮ್ಮನೇಲಿ ಮುಟ್ಟಾದವರು ಕುರಿ ರೊಪ್ಪದ ಪಕ್ಕದ ತಗಡಿನ ಶೆಡ್ಡಲ್ಲಿ ಮೂರು ದಿನ ಇರಬೇಕು. ತಟ್ಟೆ, ಚೊಂಬು, ಚಾಪೆ ಎಲ್ಲ ಬೇರೆ. ಮನೆ ಕೆಲಸ ಒಂದನ್ನೂ ಮುಟ್ಟಂಗಿಲ್ಲ. ಮದುವೆಗೆ ಮುಂಚೆ ನಾನೂ ಅಲ್ಲಿ ಕೂತು, ಇದಕ್ಕೊಂದಿನ ಬೆಂಕಿ ಇಡ್ತೀನಿ ಅಂತ ಹಲ್ಲು ಕಡಿದವಳೇ. ಹೋಗಿ ನೋಡಿದ್ರೆ ಮಟಮಟ ಮಧ್ಯಾಹ್ನ ಅವ್ವ ಅದರೊಳಗೆ ಕಾಲು ಚಾಚಿ ಗೊರಕೆ ಹೊಡೀತಿದ್ದಳು. ಎಬ್ಬಿಸಿ, ಆಸ್ಪತ್ರೆಗೆ ನಡಿ ಅಂದೆ. ಒಲ್ಲೆ ಅಂದ್ಲು. ಜಗಳ ಆಡಿ ಚಳ್ಳಕೆರೆಗೆ ಎಳ್ಕೊಂಡು ಬಂದೆ.

ಡಾಕ್ಟ್ರಮ್ಮ ಸ್ಕ್ಯಾನಿಂಗಿಗೆ ಚೀಟಿ ಬರೆಯೋಕೆ ಹೊರಟಾಗ ಅವ್ವ ಸೆರಗು ಹಿಂಡ್ತಾ ಹೇಳಿದಳು:

"ಅದೆಲ್ಲ ಬ್ಯಾಡ್ರಮ್ಮ. ನಂಗೆ ಮುಟ್ಟು ನಿಂತು ವರ್ಷಗಳೇ ಆದವು. ಮೈ ಸೋತು ಬರ್ತೈತೆ, ಅದಕ್ಕೆ ಮುಟ್ಟು ಅಂತೇಳಿ ಶೆಡ್ಡಲ್ಲಿ ಹೋಗಿ ಕೂತ್ಕೊಂತೀನಿ."

ಕಾಯಿಲೆ ಇಲ್ಲ ಅಂತ ಹೋದ ಜೀವ ಬಂತು. ಅದರ ಹಿಂದೇನೇ ಸಿಟ್ಟು ನೆತ್ತಿಗೇರಿತು. ಅವ್ವನ ಮೇಲಲ್ಲ. ಕೋಳಿ ಕೂಗೋ ಮುಂಚೆ ಎದ್ದು ರೊಪ್ಪ ಗುಡಿಸಿ, ರೊಟ್ಟಿ ತಟ್ಟಿ, ಶೇಂಗಾ ಕೀಳೋ ಕೂಲಿಗೆ ಹೋಗಿ, ಬಂದು ಮತ್ತೆ ಒಲೆ ಮುಂದೆ ಕೂರೋ ಹೆಂಗಸು ಅವಳು. ಒಂದು ಗಳಿಗೆ ಅಡ್ಡಾದ್ರೆ, ಹಗಲೊತ್ತು ಮಲಗೋದು ಮನೆಗೆ ದರಿದ್ರ ಅಂತ ಅಪ್ಪ ಗದರ್ತಾನೆ. ಅದೇ ಅಪ್ಪ, ಅದೇ ತಮ್ಮ, ಅವಳು ಶೆಡ್ಡು ಸೇರಿದ್ರೆ ತುಟಿ ಪಿಟಕ್ಕನ್ನದೆ ಮುದ್ದೆ ತಿರುವ್ತಾರೆ, ರೊಪ್ಪ ಗುಡಿಸ್ತಾರೆ. ಅಂದ್ರೆ ಬರ್ತೈತೆ ಇವರಿಗೆ! ನಾಲ್ಕನೇ ದಿನ ಅವಳು ತಲೆ ಮೇಲೆ ನೀರು ಹುಯ್ಕೊಂಡು ಒಳಗೆ ಬಂದಳೋ, ಇಬ್ಬರ ಕೈಗೂ ಲಕ್ವ ಹೊಡೀತದೆ. ಥೂ! ಮೈಲಿಗೆ ಅನ್ನಿಸ್ಕೊಂಡ್ರೆ ಮಾತ್ರ ಹೆಂಗಸು ನೆಲಕ್ಕೆ ಬೆನ್ನು ಹಾಕಬಹುದು.

ವಾಪಸ್ ಹೋಗೋವಾಗ, ಇದ್ದದ್ದು ಇದ್ದಂಗೆ ಹೇಳಿ ಇಬ್ಬರ ನೀರಿಳಿಸ್ತೀನಿ ಅಂದೆ. ಅವ್ವ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡ್ಕೊಂಡಳು. "ಇರೋದು ಅದೊಂದೇ ಕಣೆ. ಅದನ್ನೂ ಕಳೀಬ್ಯಾಡ" ಅಂದ್ಲು.

ಕಟ್ಟೆ ಮೇಲೆ ಕೂತಿದ್ದ ಅಪ್ಪ ಡಾಕ್ಟ್ರು ಏನಂದ್ರು ಅಂತ ಕೇಳಿದ. ದಾರಿಯುದ್ದಕ್ಕೂ ಕೂಡಿಟ್ಟ ಬೈಗುಳ ನಾಲಿಗೆ ತುದೀಲೇ ಇತ್ತು. ಅವ್ವ ಮುಟ್ಟಾದವರ ಹಂಗೇ ದೂರ ಸರಿದು ತಲೆ ತಗ್ಗಿಸಿ ನಿಂತಿದ್ದಳು. ನುಂಗಿಕೊಂಡೆ.

"ಅವಳಿಗೆ ಮೂರು ದಿನ ಸಾಲಲ್ಲಂತೆ. ಇನ್ನು ಮೇಲೆ ಐದು ದಿನ ಹೊರಗಿರಬೇಕಂತೆ."

ಯಾಕೆ ಅಂತ ಒಂದು ಮಾತೂ ಕೇಳಲಿಲ್ಲ. ಆಯ್ತು ಬಿಡು ಅಂದು ಅಪ್ಪ ಎಲೆಅಡಿಕೆ ಬಾಯಿಗೆ ಹಾಕ್ಕೊಂಡ. ತಮ್ಮ ಹಿಟ್ಟಿಗೆ ಎಸರಿಡೋಕೆ ಒಳಗೆ ಹೋದ. ಸುಸ್ತಾಗೈತೆ, ಮಲಗಲಿ ಅಂದಿದ್ರೆ ನೂರೆಂಟು ಪ್ರಶ್ನೆ ಬರ್ತಿದ್ವು.

ಶೆಡ್ಡಲ್ಲಿ ಚಾಪೆ ಹಾಸಿ ಕೊಟ್ಟೆ. ಅವ್ವ ಮಲಗಿ, ತಗಡು ನೋಡ್ತಾ, "ಐದು ಯಾಕಂದೆ? ಏಳು ಅನ್ನಬಾರದಿತ್ತಾ?" ಅಂತ ನಕ್ಕಳು.

ನಂಗೆ ನಗು ಬರಲಿಲ್ಲ. ಬೆಂಕಿ ಇಡ್ತೀನಿ ಅಂದ್ಕೊಂಡಿದ್ದ ಅದೇ ಶೆಡ್ಡಿಗೆ ಹೋದ ವಾರ ಒಂದು ಹತ್ತಿ ದಿಂಬು ಹೊಲಿದು ಕೊಟ್ಟು ಬಂದೆ.